ದಾರದ ಜಡಿ ಸಡಿಲಾಗಿ ಜಾರಬಾರದಂದ್ರ

ಚಂದಕ್ಕಂತ ಕೂದಲಿನ ಒಂದು ಸಣ್ಣ ಎಳಿಗೆ ಬಣ್ಣದ ದಾರ ಸುತ್ತೂದಿದ್ರ, ಹಸಿ ಕೂದಲಿಗೆ ಸುತ್ತಬ್ಯಾಡ್ರಿ. ತಲಿ ಪೂರ್ತಿ ಒಣಗಲಿ, ಎಣ್ಣಿ ಹಚ್ಚೂಕಿಂತ ಮೊದಲ ಸುತ್ರಿ. ನೀರು ಕುಡಿದ ಕೂದಲು ಉಬ್ಬಿರತೈತಿ, ಒಣಗಿದ ಮ್ಯಾಲೆ ಸಣ್ಣಾಗತೈತಿ. ಆಗ ಎಷ್ಟ್ ಬಿಗಿ ಸುತ್ತಿದ್ರೂ ದಾರ ಸಡಿಲ. ಎಣ್ಣಿ ಇದ್ರಂತೂ ಕೇಳೂದ ಬ್ಯಾಡ. ಒಂದು ಸಣ್ಣ ಮೂರೆಳಿ ಜಡಿ ಹೆಣಕೊಂಡು ಅದರ ಮ್ಯಾಲೆ ಸುತ್ತಿದ್ರ ಹಿಡಿತ ಇನ್ನೂ ಚೊಲೊ. ಬುಡದಾಗ ಅಕ್ಕಿಕಾಳಿನಷ್ಟರೆ ಜಾಗ ಬಿಡ್ರಿ, ಇಲ್ಲಾಂದ್ರ ಚರ್ಮ ಜಗ್ಗತೈತಿ. ದಾರ ಮಾತ್ರ ಹತ್ತಿದು, ಕಸೂತಿಗೆ ಬಳಸ್ತಾರಲ್ಲ, ಅದ ಇರಲಿ. ಮಿಂಚೂ ಸಿಲ್ಕ್ ದಾರ ನೋಡಾಕ ಚಂದ, ಆದ್ರ ನುಣ್ಣಗ ಜಾರತೈತಿ. ಕೆಂಪು, ಕಡುನೀಲಿ ಇದ್ರ ಮೊದಲ ಬಿಸಿನೀರಾಗ ಅದ್ದಿ ನೋಡ್ರಿ. ನಮ್ಮ ರಾಯಚೂರು ಬಿಸಲಾಗ ಬೆವರಿಗೇ ಬಣ್ಣ ಬಿಟ್ಟು ಪಕ್ಕದ ಬಿಳಿ ದಾರ ಗುಲಾಬಿ ಆಗತೈತಿ! ಭಾಳ ನುಣುಪಾದ ಕೂದಲಿಗೆ, ಬಾಬ್ ಕಟ್ ಮಾಡಿಸಿದೋರಿಗೆ ಈ ಉಪಾಯ ಅಷ್ಟಾಗಿ ನಡಿಯೂದಿಲ್ಲ. ಮಳಿಗಾಲದಾಗ ಸುತ್ತಿದ ಜಡಿ ತೋಯ್ದ್ರ ದಾರದ ಒಳಗ ಹಸಿ ಉಳಿದು ವಾಸನಿ ಬರತೈತಿ, ಹಂಗಾಗಿ ಅದನ್ನ ಟವೆಲ್‌ನಾಗ ಒತ್ತಿ ಫ್ಯಾನ್ ಕೆಳಗ ಒಣಗಿಸ್ರಿ. ಬಿಚ್ಚೂವಾಗ ತುದಿಯ ಗಂಟಷ್ಟ ಕತ್ತರಿಸ್ರಿ, ಉಳಿದದ್ದು ತಾನ ಬಿಚ್ಚಕೋತ ಬರತೈತಿ.