ಸಣ್ಣ ಲೇಥಿಗೆ ಕ್ವಿಕ್ ಚೇಂಜ್ ಟೂಲ್ ಪೋಸ್ಟ್: ಕೊಳ್ಳುವ ಮುಂಚೆ ಅಳತೆ

ಮನೆ ಶೆಡ್ಡಿನ ಸಣ್ಣ ಲೇಥಿನಲ್ಲಿ ಟೂಲ್ ಬದಲಿಸಿದಾಗಲೆಲ್ಲ ಅಡಿಗೆ ತಗಡಿನ ಪ್ಯಾಕಿಂಗ್ ತುರುಕುವುದರಲ್ಲೇ ಹೊತ್ತು ಹೋಗುತ್ತದೆ. ಕ್ವಿಕ್ ಚೇಂಜ್ ಪೋಸ್ಟ್, ಅಂದರೆ ಟೂಲನ್ನು ಥಟ್ಟನೆ ಬದಲಿಸಬಹುದಾದ ಹಿಡಿಕಂಬ, ಇದ್ದರೆ ಪ್ರತಿ ಟೂಲಿಗೂ ತನ್ನದೇ ಹೋಲ್ಡರ್. ಎತ್ತರ ಒಮ್ಮೆ ಕೂಡಿಸಿದರೆ ಸಾಕು. ಆದರೆ ಹೈದರಾಬಾದಿನಿಂದಲೋ ಆನ್‌ಲೈನಿನಲ್ಲೋ ತರಿಸಿ, ಕೂರದೆ ಡಬ್ಬಿಯಲ್ಲೇ ಉಳಿದ ಪೋಸ್ಟುಗಳಿಗೆ ಕಲಬುರಗಿಯಲ್ಲೂ ಬರವಿಲ್ಲ. ಲೇಥಿನ ಸ್ವಿಂಗ್ (ಅದರಲ್ಲಿ ತಿರುಗಿಸಬಹುದಾದ ಗರಿಷ್ಠ ವ್ಯಾಸ) ಮಾತ್ರ ನೋಡಿ ಕೊಂಡರೆ ಹೀಗಾಗುತ್ತದೆ. ಅಳೆಯಬೇಕಾದ್ದು ಬೇರೆ.

ಮೊದಲು ಹಳೆ ಪೋಸ್ಟ್ ಬಿಚ್ಚಿ. ಚಕ್ಕಿನಲ್ಲಿ 20 ಮಿ.ಮೀ. ನೇರ ಸರಳು ಹಿಡಿದು, ಕಾಂಪೌಂಡ್ ಸ್ಲೈಡಿನ (ಪೋಸ್ಟ್ ಕೂರುವ ಸಣ್ಣ ಜಾರುಪೀಠ) ಮೇಲ್ಮೈಯಿಂದ ಸರಳಿನ ನೆತ್ತಿಯವರೆಗೆ ವರ್ನಿಯರಿನಲ್ಲಿ ಅಳೆದು ಸರಳಿನ ಅರ್ಧ, ಅಂದರೆ 10, ಕಳೆಯಿರಿ. ಅದೇ ನಿಮ್ಮ ಸೆಂಟರ್ ಎತ್ತರ, ಟೂಲಿನ ಮೊನೆ ನಿಲ್ಲಬೇಕಾದ ಮಟ್ಟ. ಟೇಲ್‌ಸ್ಟಾಕಿನ (ಚಕ್ಕಿನ ಎದುರು ತುದಿಯ ಆಸರೆ) ಮೊನೆಯಿಂದ ಅಳೆಯುವುದು ಸುಲಭವೇ, ಆದರೆ ಅಗ್ಗದ ಯಂತ್ರದಲ್ಲಿ ಆ ಮೊನೆಯೇ ತುಸು ಮೇಲೆ ಕೆಳಗೆ ಇರಬಹುದು.

ಈಗ ಲೆಕ್ಕ. ಎತ್ತರ 24 ಮಿ.ಮೀ. ಬಂತೆನ್ನಿ. ಹೋಲ್ಡರನ್ನು ಪೂರ್ತಿ ಇಳಿಸಿದಾಗ ಟೂಲ್ ಕೂರುವ ತೋಡಿನ ತಳ ಸ್ಲೈಡಿನಿಂದ 10 ಮಿ.ಮೀ. ಮೇಲಿದ್ದರೆ ಉಳಿದದ್ದು 14. 12 ಮಿ.ಮೀ. ಎತ್ತರದ ಟೂಲ್ ಹಿಡಿಸುತ್ತದೆ, ಏರಿಸಲು 2 ಮಿ.ಮೀ. ಅವಕಾಶವೂ ಸಿಗುತ್ತದೆ. 16ರ ಟೂಲ್ ಹಾಕಿದರೆ ಮೊನೆ ಸೆಂಟರಿಗಿಂತ 2 ಮಿ.ಮೀ. ಮೇಲೆ, ಅದು ಕತ್ತರಿಸದೆ ಉಜ್ಜುತ್ತದೆ. ಅಂಗಡಿಯವರನ್ನು ಈ ತೋಡಿನ ತಳದ ದಪ್ಪವನ್ನೇ ಕೇಳಿ. 7 ಇಂಚು ಸ್ವಿಂಗಿನ ಮಿನಿ ಲೇಥಿಗೆ ಝೀರೋ-ಎಕ್ಸ್‌ಎ (0XA) ಎಂಬ ಸಣ್ಣ ಅಳತೆಯ ಪೋಸ್ಟ್ ಸರಿಹೋಗುತ್ತದೆ. ಅದಕ್ಕಿಂತ ದೊಡ್ಡದಾದ ಎಎಕ್ಸ್‌ಎ (AXA), ಅಂದರೆ 100 ಸರಣಿ, 6ರಿಂದ 12 ಇಂಚಿಗೆಂದು ಮಾರುತ್ತಾರಾದರೂ 7 ಇಂಚಿನ ಮೇಲೆ ಇಕ್ಕಟ್ಟು. 9–10 ಇಂಚಿನ ಲೇಥಿಗೆ ಅದೇ ಸರಿ.

ಹೋಲ್ಡರನ್ನು ಬಿಗಿಯುವ ಬಗೆ ಎರಡು. ಪಿಸ್ಟನ್ ಬೇಕೋ ವೆಡ್ಜ್ ಬೇಕೋ? ಪಿಸ್ಟನ್ ಪೋಸ್ಟ್ ಹೋಲ್ಡರನ್ನು ಹೊರಕ್ಕೆ ತಳ್ಳಿ ಬಿಗಿ ಮಾಡುತ್ತದೆ, ವೆಡ್ಜ್ ಅದನ್ನು ಪೋಸ್ಟಿನ ಕಡೆಗೆ ಎಳೆದು ಹಿಡಿಯುತ್ತದೆ. ಸಾದಾ ಟರ್ನಿಂಗಿಗೆ ಪಿಸ್ಟನ್ ಸಾಕು. ಪಾರ್ಟಿಂಗ್ (ತುಂಡು ಕತ್ತರಿಸಿ ಬೇರ್ಪಡಿಸುವ ಕೆಲಸ) ಹೆಚ್ಚಿದ್ದರೆ ವೆಡ್ಜಿಗೆ ದುಡ್ಡು ಹಾಕಿ. ಅಲ್ಯೂಮಿನಿಯಂ ಪೋಸ್ಟ್ ಹಿತ್ತಾಳೆ ಕೆಲಸಕ್ಕೆ ನಡೆದೀತು, ಉಕ್ಕಿಗೆ ಬೇಡ.

ಕೂರಿಸುವಾಗ ಕೆಡುವುದು ಟಿ-ನಟ್ಟಿನಲ್ಲಿ, ಅಂದರೆ ಸ್ಲೈಡಿನ ಸ್ಲಾಟಿನೊಳಗೆ ಕೂತು ಪೋಸ್ಟಿನ ಸ್ಟಡ್ಡನ್ನು ಹಿಡಿಯುವ ನಟ್ಟಿನಲ್ಲಿ. ಅದು ಸಾಮಾನ್ಯವಾಗಿ ದೊಡ್ಡ ತುಂಡಾಗಿಯೇ ಬರುತ್ತದೆ. ನಿಮ್ಮ ಸ್ಲಾಟಿನ ಅಳತೆ ಬರೆದುಕೊಂಡು ಕಪನೂರ ಕೈಗಾರಿಕಾ ಪ್ರದೇಶದಲ್ಲೋ ಬೀದರಿನ ಕೊಳಾರದಲ್ಲೋ ಮಿಲ್ಲಿಂಗ್ ಇರುವ ವರ್ಕ್‌ಶಾಪಿಗೆ ಕೊಡಿ. ನಟ್ಟಿನ ನೆತ್ತಿ ಸ್ಲೈಡಿನ ಮೇಲ್ಮೈಗಿಂತ ಅರ್ಧ ಮಿ.ಮೀ. ತಗ್ಗಿರಬೇಕು, ಇಲ್ಲದಿದ್ದರೆ ಪೋಸ್ಟ್ ಬಿಗಿಯಾಗದು. ಸ್ಟಡ್ಡಿನ ತುದಿ ನಟ್ಟಿನ ಅಡಿಯಿಂದ ಹೊರಬರಲೇಬಾರದು. ಬಂದರೆ ಅದು ಸ್ಲಾಟಿನ ತಳಕ್ಕೆ ಒತ್ತಿ ಬೀಡು ಕಬ್ಬಿಣದ ತುಟಿಯನ್ನು ಮೇಲಕ್ಕೆತ್ತುತ್ತದೆ. ಬಿಗಿಸಿದಷ್ಟೂ ಆ ತುಟಿ ಸೀಳುತ್ತದೆ, ಸ್ಲೈಡೇ ಹಾಳು. ಸ್ಲಾಟ್ ಇಲ್ಲದೆ ಸ್ಟಡ್ ಮಾತ್ರ ಇರುವ ಲೇಥಿನಲ್ಲಿ ಪೋಸ್ಟಿನ ತೂತು ದೊಡ್ಡದಾದರೆ ನಡುವೆ ಬುಷ್ (ಸಂದು ತುಂಬುವ ಕೊಳವೆ ತುಂಡು) ಹಾಕಿ.

ಪೋಸ್ಟಿನ ತಳ ಸಮ ಇದೆಯೇ ಎಂದು ದಪ್ಪ ಗಾಜಿನ ಮೇಲೆ ಬ್ಲೂ (ತಗುಲಿದ ಜಾಗ ತೋರಿಸುವ ನೀಲಿ ಬಣ್ಣ) ಸವರಿ ನೋಡಿ. ಶಹಾಬಾದ್ ಕಲ್ಲಿನ ನೆಲ ಎಷ್ಟೇ ನುಣುಪಾಗಿ ಕಂಡರೂ ಈ ಕೆಲಸಕ್ಕೆ ಬರುವುದಿಲ್ಲ.

ಎತ್ತರ ಕೂಡಿಸಲು ತೆಳು ಸ್ಟೀಲ್ ಸ್ಕೇಲನ್ನು ಸರಳು ಮತ್ತು ಟೂಲ್ ಮೊನೆಯ ನಡುವೆ ಹಗುರವಾಗಿ ಸಿಕ್ಕಿಸಿ. ನೆಟ್ಟಗೆ ನಿಂತರೆ ಸರಿ. ಮೇಲ್ತುದಿ ನಿಮ್ಮ ಕಡೆ ವಾಲಿದರೆ ಟೂಲ್ ತಗ್ಗಿದೆ, ಆಚೆ ವಾಲಿದರೆ ಮೇಲಿದೆ. ಆಮೇಲೆ ಸರಳಿನ ಮುಖ ಫೇಸಿಂಗ್ ಮಾಡಿ, ಅಂದರೆ ತುದಿಯನ್ನು ಕತ್ತರಿಸಿ ಸಮ ಮಾಡಿ. ನಡುವೆ ಸಣ್ಣ ಮೊಳೆಯಂಥ ತುಣುಕು ಉಳಿದರೆ ಹೋಲ್ಡರಿನ ಸ್ಕ್ರೂ ತಿರುಗಿಸಿ ಮೊನೆ ಏರಿಸಿ, ಲಾಕ್ ನಟ್ ಬಿಗಿ ಮಾಡಿ.

ಹೋಲ್ಡರ್ ಐದಾದರೂ ಬೇಕು: ಟರ್ನಿಂಗ್, ಫೇಸಿಂಗ್, ಥ್ರೆಡ್ಡಿಂಗ್, ಬೋರಿಂಗ್, ಪಾರ್ಟಿಂಗ್. ಬೇರೆ ಕಂಪನಿಯದು ಅಗ್ಗವೆಂದು ಒಟ್ಟಿಗೆ ತರಬೇಡಿ. ಡವ್‌ಟೇಲಿನ (ಹೋಲ್ಡರ್ ಪೋಸ್ಟಿಗೆ ಸಿಕ್ಕಿಕೊಳ್ಳುವ ಓರೆ ಅಂಚು) ಅಳತೆಯಲ್ಲಿ ಕೂದಲೆಳೆ ವ್ಯತ್ಯಾಸವಿದ್ದರೂ ಹಿಡಿ ಪೂರ್ತಿ ತಿರುಗಿದ ಮೇಲೂ ಹೋಲ್ಡರ್ ಅಲ್ಲಾಡುತ್ತದೆ. ಒಂದನ್ನು ತಂದು, ಹಾಕಿ ನೋಡಿ, ಉಳಿದವನ್ನು ಆಮೇಲೆ ತರಿಸಿ.