ಅಘನಾಶಿನಿ ಅಳಿವೆಯಲ್ಲಿ ಜೋಡಿ ಗಾಳ

ಜೋಡಿ ಗಾಳದ ಸ್ಪರ್ಧೆಗೆ, ಅಂದರೆ ಒಂದೇ ದೋಣಿಯಲ್ಲಿ ಇಬ್ಬರು ಸೇರಿ ಗಾಳ ಹಾಕುವ ಸ್ಪರ್ಧೆಗೆ, ಹೊರಟವರು ಮೊದಲು ಕೇಳುವುದು ಯಾವ ರಾಡು, ಯಾವ ರೀಲು ಅಂತ. ಅದು ಆಮೇಲಿನ ಮಾತು. ದೋಣಿಯಲ್ಲಿ ಯಾರ ಮಾತು ಯಾವಾಗ ನಡೆಯಬೇಕು ಅನ್ನುವುದು ದಡದಲ್ಲೇ ತೀರ್ಮಾನ ಆಗಬೇಕು. ನಾನು ಮತ್ತು ಭಾವ ಕಳೆದ ಡಿಸೆಂಬರಿನಲ್ಲಿ ಉತ್ತರ ಕನ್ನಡದ ಅಘನಾಶಿನಿ ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ ಹೇಗೆ ಮಾಡಿದೆವು ಅಂತ ಬರೆಯುತ್ತೇನೆ. ಹೊಸದಾಗಿ ಇಳಿಯುವವರಿಗೆ ಉಪಯೋಗ ಆಗಬಹುದು.

ಸ್ಪರ್ಧೆ ನಡೆಸಿದವರು ನಮ್ಮ ಕಡೆಯ ಹುಡುಗರೇ. ಬೆಳಿಗ್ಗೆ ಆರರಿಂದ ಮಧ್ಯಾಹ್ನ ಒಂದರವರೆಗೆ. ಒಂದು ದೋಣಿಗೆ ಇಬ್ಬರು. ಕುರುಡೆ, ಕೆಂಬೇರಿ, ಕೊಕ್ಕರ, ಈ ಮೂರೇ ಮೀನು ಲೆಕ್ಕಕ್ಕೆ. ಒಂದೊಂದು ಜಾತಿಯಲ್ಲಿ ಜೋಡಿ ಹಿಡಿದ ಅತಿ ಉದ್ದದ ಮೀನಿನ ಸೆಂಟಿಮೀಟರ್ ಕೂಡಿಸುತ್ತಾರೆ. ತೂಕ ಇಲ್ಲ, ಮೀನನ್ನು ದಡಕ್ಕೆ ತರುವ ಹಾಗೂ ಇಲ್ಲ. ಅಳತೆ ಹಲಗೆಯ ಮೇಲೆ ಮಲಗಿಸಿ, ಆ ದಿನ ಬೆಳಿಗ್ಗೆ ಕೊಟ್ಟ ಟೋಕನ್ ಪಕ್ಕದಲ್ಲಿಟ್ಟು ಫೋಟೋ ತೆಗೆದು ನೀರಿಗೆ ಬಿಡಬೇಕು. ಕೆಳಗೆ ಅಳಿವೆ ದಾಟುವಂತಿಲ್ಲ, ಮೇಲೆ ಮಿರ್ಜಾನಿನ ಹೆದ್ದಾರಿ ಸೇತುವೆ ದಾಟುವಂತಿಲ್ಲ. ಲೈಫ್ ಜಾಕೆಟ್ ಇಲ್ಲದವರಿಗೆ ಟೋಕನ್ನೇ ಇಲ್ಲ. ಈ ನಿಯಮ ನನಗೆ ತುಂಬ ಹಿಡಿಸಿತು. ಅಳಿವೆಯ ನೀರು ಇಳಿತದಲ್ಲಿ ಸಮುದ್ರಕ್ಕೆ ಎಳೆಯುವ ಜೋರು ನೋಡಿದವರಿಗೆ ಕಾರಣ ಹೇಳಬೇಕಾಗಿಲ್ಲ.

ಭಾವ ಅಂದರೆ ನನ್ನ ಅಕ್ಕನ ಗಂಡ. ತದಡಿಯ ಹತ್ತಿರದವರು, ಪಾತಿ ದೋಣಿಯಲ್ಲೇ ಬೆಳೆದವರು. ಬಲೆ ಬೀಸುವುದು ಅವರಿಗೆ ಹುಟ್ಟಿನಿಂದ ಬಂದದ್ದು. ರೀಲು ಸುತ್ತುವುದು ಮಾತ್ರ ಹೊಸತು. ನಾನು ಕುಮಟಾದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟವನು. ಲೂರ್, ಅಂದರೆ ಮೀನನ್ನು ಸೆಳೆಯುವ ನಕಲಿ ಎರೆ, ಎಸೆಯುವುದನ್ನು ಕಾಳಿ ನದಿಯಲ್ಲಿ, ಕಾರವಾರದ ಗೆಳೆಯರ ಜೊತೆ ಕಲಿತೆ. ಹಾಗಾಗಿ ನಮ್ಮ ಒಪ್ಪಂದ ಸುಲಭವಾಗಿ ಆಯಿತು. ಎಲ್ಲಿ, ಯಾವ ಹೊತ್ತಿಗೆ ಅನ್ನುವುದು ಭಾವನ ಮಾತು. ಏನು ಎಸೆಯುವುದು, ಹೇಗೆ ಎಳೆಯುವುದು ಅನ್ನುವುದು ನನ್ನ ಮಾತು. ಒಬ್ಬರಿಗೆ ಮೀನು ಸಿಕ್ಕಿದ ಕೂಡಲೇ ಇನ್ನೊಬ್ಬರು ತಮ್ಮ ದಾರ ಪೂರ್ತಿ ಸುತ್ತಿ, ರಾಡ್ ಕೆಳಗಿಟ್ಟು, ಗಳ ಅಥವಾ ಕೈಬಲೆ ಹಿಡಿಯಬೇಕು. ತನಗೂ ಒಂದು ಸಿಗಬಹುದು ಅನ್ನುವ ಆಸೆಗೆ ಅಲ್ಲಿ ಜಾಗ ಇಲ್ಲ. ಕೈತಪ್ಪಿದ ಮೀನಿನ ಬಗ್ಗೆ ದೋಣಿಯಲ್ಲಿ ಮಾತಿಲ್ಲ, ಏನಿದ್ದರೂ ಮನೆಗೆ ಹೋದ ಮೇಲೆ.

ಸ್ಪರ್ಧೆಯ ತಾರೀಕು ಗೊತ್ತಾದ ದಿನವೇ ಭಾವ ಪಂಚಾಂಗ ತೆಗೆದರು. ಏಕಾದಶಿ. ನಮ್ಮ ಕರಾವಳಿಯಲ್ಲಿ ಹುಣ್ಣಿಮೆ, ಅಮಾಸೆಯ ದಿನ ಹೆಚ್ಚುಕಡಿಮೆ ಹನ್ನೊಂದರ ಹೊತ್ತಿಗೆ ಭರತ, ಅಂದರೆ ಸಮುದ್ರದ ಉಬ್ಬರ, ತುಂಬುತ್ತದೆ. ಒಂದೊಂದು ದಿನ ಹಿಂದೆ ಹೋದರೆ ಮುಕ್ಕಾಲು ಗಂಟೆಗೂ ಸ್ವಲ್ಪ ಜಾಸ್ತಿ ಬೇಗ. ಅಂದರೆ ಏಕಾದಶಿಗೆ ಏಳೂವರೆ, ಎಂಟರ ಸುಮಾರಿಗೆ ನೀರು ತುಂಬಿ ನಿಲ್ಲುತ್ತದೆ. ಅಲ್ಲಿಂದ ಒಂದರವರೆಗೂ ಇಳಿತ. ಅಷ್ಟಮಿಯ ಹಾಗೆ ಮಂದ ನೀರೂ ಅಲ್ಲ, ಹುಣ್ಣಿಮೆಯ ಹಾಗೆ ಕೆಸರು ಎಬ್ಬಿಸುವ ನೀರೂ ಅಲ್ಲ. ಫೋನಿನಲ್ಲಿ ಟೈಡ್ ಆ್ಯಪ್ ಇದೆ, ನಾನೂ ನೋಡಿದೆ, ಎರಡೂ ತಾಳೆಯಾದವು. ಆದರೆ ಆ್ಯಪ್ ಹೇಳುವುದು ಬಂದರಿನ ಲೆಕ್ಕ. ಹೊಳೆಯ ಒಳಗೆ ಹೋದಷ್ಟೂ ನೀರು ತಿರುಗುವುದು ತಡ. ಎಷ್ಟು ತಡ ಅನ್ನುವುದು ಅಲ್ಲೇ ದೋಣಿ ನಡೆಸಿದವರಿಗೆ ಗೊತ್ತು.

ನಮ್ಮ ಯೋಜನೆ ನಿಂತಿದ್ದು ಗಜನಿಯ ಬಾಗಿಲಿನ ಮೇಲೆ. ಹೊರಗಿನವರಿಗೆ ಇದನ್ನು ಸ್ವಲ್ಪ ವಿವರಿಸಬೇಕು. ಅಘನಾಶಿನಿಯ ಎರಡೂ ದಡದಲ್ಲಿ ಕಟ್ಟು ಹಾಕಿ ಮಾಡಿದ ಗದ್ದೆಗಳೇ ಗಜನಿ. ಮಳೆಗಾಲದಲ್ಲಿ ಅಲ್ಲಿ ಕಗ್ಗ ಭತ್ತ ಬೆಳೆಯುತ್ತಾರೆ, ಉಪ್ಪು ನೀರನ್ನೂ ತಡೆದುಕೊಳ್ಳುವ ತಳಿ ಅದು. ಕೊಯ್ಲು ಮುಗಿದ ಮೇಲೆ ಬಾಗಿಲು ತೆಗೆದು ಭರತದ ನೀರು ಒಳಗೆ ಬಿಡುತ್ತಾರೆ. ನೀರಿನ ಜೊತೆ ಸಿಗಡಿ, ಸಣ್ಣ ಮೀನು ಒಳಗೆ ಹೋಗಿ ಮೇಯುತ್ತವೆ. ಇಳಿತದಲ್ಲಿ ಅದೇ ಬಾಗಿಲಿನಿಂದ ಎಲ್ಲ ಹೊರಗೆ ಬರಬೇಕು. ಕುರುಡೆಗೆ ಅದು ಗೊತ್ತು. ಬಾಗಿಲಿನ ಹೊರಗೆ, ನೀರು ಬಿದ್ದು ಗುಂಡಿಯಾದ ಜಾಗದ ಅಂಚಿನಲ್ಲಿ ಬಂದು ನಿಲ್ಲುತ್ತದೆ. ಹರಿಯುವ ನೀರಿನಲ್ಲಿ ಅಲ್ಲ, ಅದರ ಪಕ್ಕದ ನಿಂತ ನೀರಿನಲ್ಲಿ. ಒಂದು ಮಾತು ಮರೆಯಬೇಡಿ. ಆ ಬಾಗಿಲಿಗೆ ಬಲೆ ಕಟ್ಟುವ ಹಕ್ಕು ಒಬ್ಬರಿಗೆ ಇರುತ್ತದೆ, ಅವರ ಹೊಟ್ಟೆಪಾಡು ಅದು. ಭಾವ ಮುಂಚೆಯೇ ಹೋಗಿ ಕೇಳಿಕೊಂಡು ಬಂದಿದ್ದರು.

ಸಾಮಾನು ಜಾಸ್ತಿ ಇರಲಿಲ್ಲ. ಏಳು ಅಡಿಯ ಮಧ್ಯಮ ರಾಡು ಎರಡು, 4000 ಸೈಜಿನ ರೀಲು, 30 ಪೌಂಡಿನ ಬ್ರೇಡ್ ದಾರ. ತುದಿಗೆ ಮೂರು ಅಡಿಯಷ್ಟು 40 ಪೌಂಡಿನ ಫ್ಲೋರೋಕಾರ್ಬನ್ ಲೀಡರ್, ಅಂದರೆ ಲೂರಿಗೆ ಕಟ್ಟುವ ಗಟ್ಟಿ ತುಂಡು ದಾರ. ಈ ಲೀಡರ್ ವಿಷಯದಲ್ಲಿ ಜಿಪುಣತನ ಬೇಡ. ಕುರುಡೆಯ ಕಿವಿರಿನ ಮುಚ್ಚಳದ ಅಂಚು ಬ್ಲೇಡಿನ ಹಾಗೆ ಕೊಯ್ಯುತ್ತದೆ. ಬಾಯಿ ಒರಟು, ಉಜ್ಜಿ ಉಜ್ಜಿ ದಾರ ಸವೆಸುತ್ತದೆ. ಸಾಲದ್ದಕ್ಕೆ ನಮ್ಮ ಹೊಳೆಯ ಕಲ್ಲುಗಳಿಗೆಲ್ಲ ಚಿಪ್ಪು ಅಂಟಿಕೊಂಡಿರುತ್ತದೆ. ಪ್ರತಿ ಮೀನು ಬಿಟ್ಟ ಮೇಲೆ ಲೀಡರನ್ನು ಉಗುರಿನಲ್ಲಿ ಎಳೆದು ನೋಡಿ, ಒರಟು ಸಿಕ್ಕಿದರೆ ಅಷ್ಟು ಕತ್ತರಿಸಿ ಮತ್ತೆ ಕಟ್ಟುತ್ತಿದ್ದೆ. ಲೂರಿನ ಮೂರು ಮೊನೆಯ ಕೊಕ್ಕೆ ತೆಗೆದು ಒಂಟಿ ಕೊಕ್ಕೆ ಹಾಕಿ, ಅದರ ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಮಲಗಿಸಿದ್ದೆ. ಮೀನು ಬೇಗ ಬಿಡಿಸಲಿಕ್ಕೆ ಆಗುತ್ತದೆ, ಗಾಯವೂ ಕಮ್ಮಿ.

ಬೆಳಿಗ್ಗೆ ಆರಕ್ಕೆ ತದಡಿಯಿಂದ ಹೊರಟೆವು. ಮೂಡುಗಾಳಿ ತಣ್ಣಗೆ ಬೀಸುತ್ತಿತ್ತು. ಹೆಚ್ಚಿನ ದೋಣಿಗಳು ಸೀದಾ ಮೇಲಕ್ಕೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಕಡೆಗೆ ಓಡಿದವು. ನಾವು ಅಳಿವೆಯ ಒಳಮಗ್ಗುಲಲ್ಲೇ ನಿಂತೆವು. ಭರತದ ಕೊನೆಯ ನೀರಿನ ಜೊತೆ ಕೊಕ್ಕರದ ಹಿಂಡು ಒಳಗೆ ಬರುತ್ತದೆ. ಬೆಳ್ಳಿ ಬಣ್ಣದ ಸಣ್ಣ ಜಿಗ್ (ಭಾರದ ಲೂರ್) ಎಸೆದು ಬೇಗ ಬೇಗ ಎಳೆದೆವು. ಭಾವನ ರಾಡಿಗೆ 41 ಸೆಂಟಿಮೀಟರಿನದು ಬಂತು. ಅದಕ್ಕಿಂತ ದೊಡ್ಡದು ಅಲ್ಲಿ ಇದ್ದಿರಬಹುದು. ಆದರೆ ನೀರು ನಿಂತ ಕೂಡಲೇ ಹೊರಡಬೇಕು ಅಂತ ಮೊದಲೇ ಮಾತಾಗಿತ್ತು, ಹೊರಟೆವು.

ಗಜನಿಯ ಬಾಗಿಲಿಗೆ ಸುಮಾರು ದೂರ ಇರುವಾಗಲೇ ಭಾವ ಎಂಜಿನ್ ಆಫ್ ಮಾಡಿದರು. ಅಲ್ಲಿಂದ ಮುಂದೆ ಗಳ ಒತ್ತುತ್ತ ಹೋದದ್ದು. ದೋಣಿಯೊಳಗೆ ಗೋಣಿಚೀಲ ಹಾಸಿದ್ದೆವು, ಡಬ್ಬಿ ಬಿದ್ದರೂ ಸದ್ದಾಗಬಾರದು ಅಂತ. ಬಾಗಿಲ ಮೇಲೆ ಎರಡು ಬೆಳ್ಳಕ್ಕಿ ಕೂತಿದ್ದವು. ನೀರು ಇನ್ನೂ ಅಲ್ಲಾಡುತ್ತಿರಲಿಲ್ಲ.

"ಭಾವ, ಒಂದೇ ಒಂದು ಸಲ ಎಸೀಲಾ?" ಅಂದೆ.

"ಬೇಡ ಮಾರಾಯ. ಒಳಗಿನ ನೀರು ಹೊರಗೆ ಬರಲಿ. ಈಗ ಎಸೆದರೆ ಇದ್ದ ಮೀನೂ ಹೆದರ್ತದೆ. ಕೂತ್ಕ."

ಕೂತೆ. ಪಕ್ಕದಲ್ಲಿ ಇನ್ನೊಂದು ದೋಣಿ ಬಂದು ಹತ್ತಾರು ಸಲ ಎಸೆದು ಏನೂ ಸಿಗದೆ ಹೋಯಿತು. ನನಗೆ ಕೈ ತುರಿಸುತ್ತಿತ್ತು. ಆದರೂ ಜಾಗ ಮತ್ತು ಹೊತ್ತು ಭಾವನ ಮಾತು ಅಂತ ಒಪ್ಪಿದ ಮೇಲೆ ಮುಗಿಯಿತು, ಅಲ್ವಾ? ಸ್ಪರ್ಧೆಯಲ್ಲಿ ಗಡಿಯಾರ ಓಡುತ್ತಿರುವಾಗ ಸುಮ್ನೆ ಕೂರುವುದೇ ಕಷ್ಟದ ಕೆಲಸ. ಒಬ್ಬನೇ ಇದ್ದಿದ್ದರೆ ನಾನು ಖಂಡಿತ ಕೂರುತ್ತಿರಲಿಲ್ಲ.

ಹತ್ತು ಗಂಟೆ ಹತ್ತಿರ ಬಾಗಿಲಿನ ಬಾಯಲ್ಲಿ ನೊರೆ ಕಂಡಿತು. ಬೆಳ್ಳಕ್ಕಿ ಎದ್ದು ನೀರಿನ ಅಂಚಿಗೆ ಇಳಿಯಿತು. ಸಣ್ಣ ಮೀನು ಚಿಮ್ಮಲು ಶುರುವಾಯಿತು. ಆಮೇಲೆ ಆ ಸದ್ದು ಬಂತು, 'ಟಪ್' ಅಂತ. ಕುರುಡೆ ಬಾಯಿ ತೆರೆದು ನೀರು ಸಮೇತ ಮೀನನ್ನು ಎಳೆದುಕೊಳ್ಳುವ ಸದ್ದು. ಭಾವ ಬರೀ ಕಣ್ಣಲ್ಲೇ ಹೂಂ ಅಂದರು.

ನಾನು ಸಾಫ್ಟ್ ಪ್ಲಾಸ್ಟಿಕ್ ಲೂರನ್ನು ಬಾಗಿಲಿನ ಪಕ್ಕದ ಗೋಡೆಗೆ ತಾಗುವಷ್ಟು ಹತ್ತಿರ ಎಸೆದೆ. ನೀರೇ ಅದನ್ನು ಹೊರಗೆ ತರಲಿ ಅಂತ ಬಿಟ್ಟು, ದಾರದ ಸಡಿಲ ಮಾತ್ರ ಸುತ್ತಿಕೊಂಡೆ. ಮೂರನೆಯ ಎಸೆತಕ್ಕೆ ಹಿಡಿಯಿತು. ಮೊದಲ ಓಟಕ್ಕೇ ಗೋಡೆಯ ಕಡೆಗೆ ನುಗ್ಗಿತು. ಭಾವ ಅಷ್ಟರಲ್ಲೇ ರಾಡ್ ಇಟ್ಟು ಗಳ ಒತ್ತಿ ದೋಣಿಯನ್ನು ಹಿಂದಕ್ಕೆ, ಬಯಲು ನೀರಿಗೆ ಎಳೆದಿದ್ದರು. ಆ ಒಂದು ಒತ್ತಿಗೆ ಮೀನೂ ಗೋಡೆಯಿಂದ ದೂರ ಬಂತು. ಕುರುಡೆ ನೀರಿನಿಂದ ಮೇಲೆ ಹಾರಿ ತಲೆ ಕೊಡವುತ್ತದೆ, ಆಗ ರಾಡಿನ ತುದಿ ತಗ್ಗಿಸಬೇಕು. ಎತ್ತಿ ಹಿಡಿದರೆ ಕೊಕ್ಕೆ ಕಳಚುತ್ತದೆ. ಮೂರು ಸಲ ಹಾರಿತು. ಕೊನೆಗೆ ಭಾವ ರಬ್ಬರ್ ಬಲೆಯನ್ನು ನೀರೊಳಗೆ ಮುಂಚೆಯೇ ಇಳಿಸಿ ಹಿಡಿದುಕೊಂಡರು, ನಾನು ಮೀನನ್ನು ಅದರ ಮೇಲೆ ತಂದೆ. 68 ಸೆಂಟಿಮೀಟರ್.

ಅಳತೆಗೆ ಮುಂಚೆ ಹಲಗೆಗೆ ನೀರು ಸುರಿದು ಒದ್ದೆ ಮಾಡಿದೆವು. ಒಣ ಹಲಗೆ, ಒಣ ಕೈ ತಾಗಿದರೆ ಮೀನಿನ ಮೈಮೇಲಿನ ಲೋಳೆ ಹೋಗುತ್ತದೆ. ದವಡೆಗೆ ನೇತು ಹಾಕಿ ಫೋಟೋ ತೆಗೆಯುವುದು ನನಗೆ ಸರಿ ಕಾಣುವುದಿಲ್ಲ, ಅಷ್ಟು ಭಾರ ಅದರ ಕತ್ತು ತಡೆಯುವುದಿಲ್ಲ. ಬಿಡುವಾಗ ತಲೆಯನ್ನು ಹರಿವಿಗೆ ಎದುರಾಗಿ ಹಿಡಿದೆ. ಬಾಲ ಗಟ್ಟಿಯಾಗಿ ಬಡಿದ ಮೇಲೆ ಕೈ ಬಿಟ್ಟೆ. ಕುರುಡೆ ಮೊದಲು ಗಂಡಾಗಿ ಬೆಳೆಯುತ್ತದೆ, ಕೆಲವು ವರ್ಷ ಆದ ಮೇಲೆ ಹೆಣ್ಣಾಗುತ್ತದೆ. ಅಂದರೆ ಹೊಳೆಯಲ್ಲಿರುವ ದೊಡ್ಡ ಕುರುಡೆಗಳೇ ಮೊಟ್ಟೆ ಇಡುವ ತಾಯಂದಿರು. ಅವನ್ನು ಜೀವಂತ ಬಿಡಲೇಬೇಕು.

ಕೆಂಬೇರಿ ಸಿಕ್ಕಿದ್ದು ಹನ್ನೆರಡರ ಮೇಲೆ, ಕಾಂಡ್ಲಾ ಬೇರುಗಳ ಬುಡದಲ್ಲಿ. 44 ಸೆಂಟಿಮೀಟರ್. ಕೆಂಬೇರಿಗೆ ದಾರ ಬಿಡಬಾರದು, ರೀಲು ದಾರ ಬಿಡದಂತೆ ತಡೆಯುವ ಡ್ರ್ಯಾಗ್ ಬಿಗಿ ಮಾಡಿ ಮೊದಲ ಎಳೆತಕ್ಕೇ ಬೇರಿನಿಂದ ಹೊರಗೆ ತರಬೇಕು. ಅಷ್ಟರಲ್ಲಿ ಪಡುವಣ ಗಾಳಿ ಎದ್ದಿತ್ತು, ದಡಗಳಲ್ಲಿ ಜನ ಬಳಚು (ಚಿಪ್ಪು) ಹೆಕ್ಕಲು ಇಳಿದಿದ್ದರು. ಎಂಜಿನ್ ಹಾಕಿ ತದಡಿಗೆ ಬಂದೆವು.

ಒಟ್ಟು 153. ಎರಡನೇ ಸ್ಥಾನ. ಗೆದ್ದವರ ಕೊಕ್ಕರ ನಮ್ಮದಕ್ಕಿಂತ ಬಹಳ ದೊಡ್ಡದು, ಅವರು ಅಳಿವೆಯಲ್ಲೇ ಜಾಸ್ತಿ ಹೊತ್ತು ನಿಂತಿದ್ದರಂತೆ. ಚೆನ್ನಾಗಿ ಗೆದ್ದರು. ಬಹುಮಾನ ಕೊಟ್ಟಾದ ಮೇಲೆ ಭಾವ, ಸ್ಪರ್ಧೆ ನಡೆಸುವ ಹುಡುಗರನ್ನು ಕರೆದು ಒಂದು ವಿಷಯ ಕೇಳಿದರು. ಅಳತೆಯ ಫೋಟೋ ಜೊತೆಗೆ ಮೀನು ಈಜಿಕೊಂಡು ಹೋಗುವ ವಿಡಿಯೊ ಕೂಡ ಬೇಕು, ಅದಿಲ್ಲದೆ ಸೆಂಟಿಮೀಟರ್ ಲೆಕ್ಕಕ್ಕೆ ಹಿಡಿಯಬೇಡಿ ಅಂತ. ಈ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿದೆ. ಇದನ್ನೇ ನಂಬಿದ ಮನೆಗಳು ಎರಡೂ ದಡದಲ್ಲಿವೆ. ಆಟಕ್ಕೆ ಬಂದವರಿಂದ ಒಂದು ಮೀನೂ ಸಾಯಬಾರದು ಅನ್ನುವುದು ಅವರ ವಾದ, ನನ್ನದೂ ಅದೇ. ಹುಡುಗರು ಒಪ್ಪಿದರು. ಮುಂದಿನ ಸ್ಪರ್ಧೆಯ ನಿಯಮದಲ್ಲಿ ಅದನ್ನು ಸೇರಿಸಿದ್ದಾರೆ. ನಾವೂ ಹೆಸರು ಕೊಟ್ಟಿದ್ದೇವೆ.