ಸ್ಕೂಲ್ ಮಗುವಿನ ಶುಗರ್ ಬುಕ್ಕು ಯಾರು ಓದಿದ್ರೂ ಅರ್ಥ ಆಗೋ ಹಂಗೆ ಬರೆಯೋದು

ಟೈಪ್ 1 ಡಯಾಬಿಟಿಸ್ (ಮೈಯಲ್ಲಿ ಇನ್ಸುಲಿನ್ ಆಗ್ದೇ ದಿನಾ ಹೊರಗಿಂದ ಹಾಕ್ಬೇಕಾದ ಶುಗರ್ ಕಾಯಿಲೆ) ಇರೋ ಮಗು ಸ್ಕೂಲಿಗೆ ಹೋಗ್ತಿದ್ರೆ ಅದರ ಶುಗರ್ ಬುಕ್ಕನ್ನ, ಅಂದ್ರೆ ದಿನದ ಶುಗರ್ ರೀಡಿಂಗ್ ಬರೆದಿಡೋ ಪುಸ್ತಕನ, ಅಮ್ಮ ಒಬ್ಬಳೇ ಓದಲ್ಲ, ಕ್ಲಾಸ್ ಮಿಸ್ಸು, ಪಿಟಿ ಸರ್ರು, ಚೆಕಪ್ಪಿಗೆ ಹೋದಾಗ ಡಾಕ್ಟ್ರು, ಎಲ್ರೂ ನೋಡ್ತಾರೆ. ಆ ಹೊತ್ತಲ್ಲಿ ಅಲ್ಲಿ ಇಲ್ದೇ ಇದ್ದೋರಿಗೂ ಏನಾಯ್ತು ಅಂತ ಗೊತ್ತಾಗ್ಬೇಕು. ಬರೀ 212 ಅಂತ ಇದ್ರೆ ಯಾರಿಗೂ ಏನೂ ತಿಳಿಯಲ್ಲ. ಅದೇ "11:10, ಬ್ರೇಕಿಗೆ ಮುಂಚೆ, 212, ಬೆಳಿಗ್ಗೆ 4 ಇಡ್ಲಿ, ಇನ್ಸುಲಿನ್ ತಿಂದ್ಮೇಲೆ ಹಾಕಿದ್ದು" ಅಂತಿದ್ರೆ ಡಾಕ್ಟ್ರಿಗೆ ಅರ್ಧ ಕಥೆ ಅಲ್ಲೇ ಸಿಕ್ಕತ್ತೆ.

ಮೊದಲು ಶುಗರ್ ಚೆಕ್ ಮಾಡೋ ಮೀಟರಿನ ಡೇಟು ಟೈಮು ಸರಿ ಇದ್ಯಾ ನೋಡ್ಕೊಳ್ಳಿ. ಬ್ಯಾಟರಿ ಬದಲಾಯಿಸಿದ್ರೆ ಕೆಲವು ಮೀಟರಲ್ಲಿ ಟೈಮ್ ಹೋಗ್ಬಿಡತ್ತೆ, ಆಮೇಲೆ ರಾತ್ರಿ 1 ಗಂಟೆ ರೀಡಿಂಗ್ ಮಧ್ಯಾಹ್ನದ್ದು ಅಂತ ತೋರ್ಸತ್ತೆ. ಲಂಡನ್ನಿಂದ ನೆಂಟ್ರು ಮೀಟರ್ ತಂದುಕೊಟ್ಟಿದ್ರೆ ಅದರಲ್ಲಿ ಅಳತೇನೇ ಬೇರೆ (mmol/L), 5.5 ಅಂತ ಬಂದ್ರೆ 18ರಿಂದ ಗುಣಿಸಿ, ನಮ್ಮ ಲೆಕ್ಕದಲ್ಲಿ (mg/dL) 99. ಒಂದು ಬುಕ್ಕಲ್ಲಿ ಎರಡೂ ಅಳತೆ ಬೆರೆಸ್ಲೇಬೇಡಿ.

ಬುಕ್ಕಿಗೆ ಸಾದಾ ಲಾಂಗ್ ನೋಟ್‌ಬುಕ್ ಸಾಕು, ಸುಮಾರು ಸ್ಕೂಲಲ್ಲಿ ಮಕ್ಕಳಿಗೆ ಫೋನ್ ಬಿಡಲ್ಲ, ಆಪ್ ನಂಬಿ ಕೂತ್ರೆ ಸ್ಕೂಲ್ ಹೊತ್ತಿಂದು ಖಾಲಿನೇ ಉಳಿಯತ್ತೆ. ಅಡ್ಡ ತಿರುಗಿಸಿ ಗೆರೆ ಹಾಕಿ: ಟೈಮು, ಊಟಕ್ಕೆ ಮುಂಚೆನೋ ಊಟ ಆಗಿ 2 ಗಂಟೆಗೋ, ರೀಡಿಂಗು, ತಿಂದಿದ್ದು, ಇನ್ಸುಲಿನ್ನು, ವಿಶೇಷ. ತಿಂದಿದ್ದು ಅನ್ನೋ ಜಾಗದಲ್ಲಿ "ಟಿಫನ್" ಅಂತ ಬರೆದು ಸುಮ್ನಾಗ್ಬೇಡಿ, ಚಿತ್ರಾನ್ನ ಎಷ್ಟು, ಡಬ್ಬೀಲಿ ಎಷ್ಟು ಉಳೀತು, ಯಾರದೋ ಬರ್ತ್‌ಡೇ ಚಾಕ್ಲೇಟ್ ತಿಂತಾ, ಅದು ಬೇಕು.

ಇನ್ಸುಲಿನ್ ಕಾಲಮ್ಮಲ್ಲಿ ಊಟಕ್ಕೆ ಅಂತ ಹಾಕೋದಾ, ದಿನವಿಡೀ ಕೆಲಸ ಮಾಡೋದಾ ಅಂತ ಹೆಸರು ಸಮೇತ ಬರೀರಿ, ಜೊತೆಗೆ "ಯುನಿಟ್" ಅಂತ ಪೂರ್ತಿ ಬರೀರಿ. ಇಂಗ್ಲಿಷಿನ ಯು ಅಕ್ಷರ ಒಂದನ್ನೇ ಅವಸರದಲ್ಲಿ ಗೀಚಿದ್ರೆ ಸೊನ್ನೆ ಥರ ಕಾಣತ್ತೆ, 4 ಹೋಗಿ 40 ಆಗತ್ತೆ, ಇದು ತಮಾಷೆ ವಿಷ್ಯ ಅಲ್ಲ.

ಚೆಕ್ ಮಾಡೋ ಮುಂಚೆ ಕೈ ತೊಳ್ದು ಒರೆಸ್ಕೊಳ್ಳೋದು, ಬಾಳೆಹಣ್ಣು ಸುಲಿದ ಬೆರಳಲ್ಲಿ ಚುಚ್ಚಿದ್ರೆ ಸುಮ್ಸುಮ್ನೆ ಜಾಸ್ತಿ ತೋರ್ಸತ್ತೆ. ಡೌಟ್ ಬಂದ್ರೆ ತೊಳ್ದು ಇನ್ನೊಂದು ಸಲ ನೋಡಿ, ಎರಡನ್ನೂ ಬರೀರಿ, ಮೊದಲ್ನೇದು ಹೊಡೆದು ಹಾಕ್ಬೇಡಿ. ಸೆನ್ಸರ್ (ಮೈಗೆ ಅಂಟಿಸಿ ಶುಗರ್ ತೋರ್ಸೋದು) ಹಾಕಿದ್ರೆ ಆ ರೀಡಿಂಗ್ ಪಕ್ಕ "ಸೆ" ಅಂತ ಗುರುತು ಮಾಡಿ, ಶುಗರ್ ಬೇಗ ಏರೋವಾಗ ಇಳಿಯೋವಾಗ ಅದು ಬೆರಳಿನ ರಕ್ತಕ್ಕಿಂತ ಸ್ವಲ್ಪ ಹಿಂದೆ ಇರತ್ತೆ.

70ಕ್ಕಿಂತ ಕಮ್ಮಿ ಬಂದ್ರೆ ಮೊದಲು ಗ್ಲೂಕೋಸು, ಆಮೇಲೆ ಬುಕ್ಕು. ಎಷ್ಟು ಕೊಡ್ಬೇಕು ಅಂತ ಡಾಕ್ಟ್ರು ಹೇಳಿರ್ತಾರೆ, ಅದನ್ನ ಬುಕ್ಕಿನ ಮೊದಲ್ನೇ ಪುಟದಲ್ಲೇ ಮನೆ ಫೋನ್ ನಂಬರ್ ಜೊತೆ ದಪ್ಪಗೆ ಬರೆದಿಡಿ. ಮಗುನ ಒಂಟಿಯಾಗಿ ಸ್ಟಾಫ್ ರೂಮಿಗೆ ಕಳಿಸ್ಬೇಡಿ ಅಂತ ಮಿಸ್ಸಿಗೆ ಹೇಳಿ, ಎಚ್ಚರ ತಪ್ಪಿದ್ರೆ ಬಾಯಿಗೆ ಏನೂ ಹಾಕ್ದೆ ಸೀದಾ ಆಸ್ಪತ್ರೆಗೆ. ಗ್ಲೂಕೋಸ್ ಕೊಟ್ಟು 15 ನಿಮಿಷಕ್ಕೆ ಮತ್ತೆ ಚೆಕ್ ಮಾಡಿ ಆ ನಂಬರೂ ಬರೀಬೇಕು, ಅದಿಲ್ದಿದ್ರೆ ಆ ಲೋ (ಶುಗರ್ ಇಳಿದಿದ್ದು) ಸರಿ ಹೋಯ್ತೋ ಇಲ್ವೋ ಅಂತಾನೇ ಗೊತ್ತಾಗಲ್ಲ. ಕೈ ನಡುಕ ಬಂತಾ, ಬೆವರಿತಾ, ಮಂಕಾಗಿ ಕೂತಿತ್ತಾ, ಇಲ್ಲ ಏನೂ ಅನ್ನಿಸ್ಲೇ ಇಲ್ವಾ ಅನ್ನೋದನ್ನೂ ಹಾಕಿ, ಏನೂ ಅನ್ನಿಸ್ದೇ 55 ಬಂದಿದ್ರೆ ಡಾಕ್ಟ್ರಿಗೆ ಅದೇ ದೊಡ್ಡ ವಿಷ್ಯ. ಮೀಟರು ನಂಬರ್ ಬದ್ಲು "ಹೈ" ಅಂತ ತೋರ್ಸಿದ್ರೆ ಹಂಗೇ ಬರೀರಿ, ಅಂದಾಜಲ್ಲಿ 600 ಹಾಕ್ಬೇಡಿ, ತಕ್ಷಣ ಡಾಕ್ಟ್ರಿಗೆ ಫೋನ್ ಮಾಡಿ.

ಸ್ಪೋರ್ಟ್ಸ್ ಡೇ ಪ್ರಾಕ್ಟೀಸ್ ಶುರುವಾದ್ರೆ ವಿಶೇಷ ಕಾಲಮ್ಮು ತುಂಬ್ಲೇಬೇಕು, ಖೋಖೋ 40 ನಿಮಿಷ ಅಂತ. ಮಧ್ಯಾಹ್ನ ಆಡಿದ್ದಕ್ಕೆ ಶುಗರ್ ರಾತ್ರಿ ಮಲಗಿದ್ಮೇಲೂ ಇಳೀಬಹುದು, ಬರೆದಿಲ್ಲ ಅಂದ್ರೆ ರಾತ್ರಿ ಲೋಗೆ ಕಾರಣ ಹುಡುಕ್ತಾ ಕೂರ್ತೀರ.

ಇನ್ನೊಂದು ವಿಷ್ಯ, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ. 280 ನೋಡಿ "ಏನ್ ತಿಂದೆ ಹೇಳು" ಅಂತ ಬೈಯೋ ಮನೇಲಿ ಮಗು ಬೇಗ ಸುಳ್ಳು ಬರೆಯೋದು ಕಲಿಯತ್ತೆ. ಇಡೀ ವಾರ 110, 120, 115 ಅಂತಾನೇ ಇದ್ರೆ ಖುಷಿ ಪಡ್ಬೇಡಿ, ಮೀಟರ್ ಮೆಮೊರಿ ತೆಗೆದು ಇಬ್ರೂ ಕೂತು ಹೋಲಿಸಿ ನೋಡಿ, ಸುಳ್ಳು ಸಿಕ್ಕಿದ್ರೂ ಕೂಗಾಡ್ಬೇಡಿ. ಕೆಂಪು ಪೆನ್ನಲ್ಲಿ ಸುತ್ತು ಹಾಕೋ ಅಭ್ಯಾಸನೂ ಬಿಡಿ, ಅದೇನು ಮಾರ್ಕ್ಸ್ ಕಾರ್ಡಾ?

ಭಾನುವಾರ ಒಂದ್ಹತ್ತು ನಿಮಿಷ ಒಂದೇ ಹೊತ್ತಿನ ರೀಡಿಂಗುಗಳನ್ನ ಮೇಲಿಂದ ಕೆಳಗೆ ಓದಿ. ಒಂದು ದಿನದ್ದು ನೋಡಿ ಡೋಸ್ ಬದಲಾಯಿಸೋಕೆ ಹೋಗ್ಬೇಡಿ, ಮೂರ್ನಾಲ್ಕು ದಿನ ಅದೇ ಹೊತ್ತಿಗೆ ಹಂಗೇ ಬಂದಿದ್ರೆ ಪುಟದ ಫೋಟೋ ತೆಗೆದು ಡಾಕ್ಟ್ರಿಗೆ ಕಳಿಸಿ.

ಬೋರ್ಡ್ ಎಕ್ಸಾಮ್ ಹತ್ರ ಬಂದ್ರೆ ಸ್ಕೂಲಿಗೆ ಮುಂಚೆನೇ ಹೋಗಿ ಮಾತಾಡಿ, ಸಿಬಿಎಸ್‌ಇ ಆದ್ರೆ 2017ರಿಂದ ಟೈಪ್ 1 ಮಕ್ಕಳಿಗೆ ಶುಗರ್ ಮಾತ್ರೆ, ಹಣ್ಣು, ತಿಂಡಿ, ನೀರು ಎಕ್ಸಾಮ್ ಹಾಲಿಗೆ ತರೋಕೆ ಬಿಟ್ಟಿದ್ದಾರೆ, ಆದ್ರೆ ಡಾಕ್ಟ್ರ ಸರ್ಟಿಫಿಕೇಟ್ ಕೇಳ್ತಾರೆ, ಅದನ್ನ ಮಾಡಿಸೋಕೆ ಹೋಗೋವಾಗ ಬುಕ್ಕೂ ತಗೊಂಡು ಹೋಗಿ.